ಅಪ್ಪನ ಎರಡು ಕಣ್ಣು, ಒಂದೇ ಪಂಚೆ

ಅಪ್ಪನ ಬಲಗಣ್ಣಿನ ಪೊರೆ ತೆಗೆಸಿ ಅವತ್ತಿಗೆ ನಾಲ್ಕನೇ ದಿನ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋದವರು ಒಣಗಲು ಹಾಕಿದ್ದ ಪಂಚೆಯ ಮುಂದೆ ನಿಂತುಬಿಟ್ಟರು. "ಪಂಚೆಗೆ ನೀಲಿ ಜಾಸ್ತಿ ಹಾಕಿದೀಯಾ?" ಅಂತ ಅಮ್ಮನನ್ನು ಕೇಳಿದರು. ಅಮ್ಮ ಬಟ್ಟೆಗೆ ನೀಲಿ ಹಾಕುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದೆ. ಇಲ್ಲ ಅಂದರು. ಅಪ್ಪ ಒಪ್ಪಲಿಲ್ಲ. ಅಂಗೈಯನ್ನು ತಾಗದ ಹಾಗೆ ಬಲಗಣ್ಣಿಗೆ ಅಡ್ಡ ಹಿಡಿದು ನೋಡಿದರು. ಆಮೇಲೆ ಎಡಗಣ್ಣಿಗೆ ಅಡ್ಡ ಹಿಡಿದು ನೋಡಿದರು. ಮತ್ತೆ ಬಲ, ಮತ್ತೆ ಎಡ. ಕಾಫಿ ಆರಿಹೋಯಿತು. ಹೊಸ ಕಣ್ಣಿಗೆ ಆ ಪಂಚೆ ತಿಳಿನೀಲಿ ಬೆರೆತ ಬಿಳಿ. ಹಳೇ ಕಣ್ಣಿಗೆ ಅದೇ ಪಂಚೆ ಟೀ ನೀರಲ್ಲಿ ಅದ್ದಿ ತೆಗೆದ ಹಾಗೆ ಮಾಸಲು ಹಳದಿ. ನನ್ನನ್ನು ಕರೆದು ಕೇಳಿದರು, "ಇದರಲ್ಲಿ ಯಾವುದೋ ನಿಜ?"

ಬೇರೆಯವರಾಗಿದ್ದರೆ ಇದನ್ನು ಅಲ್ಲಿಗೇ ಬಿಡುತ್ತಿದ್ದರೇನೋ. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಹಳದಿಗೆ ತಿರುಗುತ್ತದೆ, ನೀಲಿ ಬೆಳಕನ್ನು ತಡೆಯುತ್ತಾ ಹೋಗುತ್ತದೆ. ಅದು ಎಷ್ಟು ನಿಧಾನ ಅಂದರೆ ನಮಗೆ ಗೊತ್ತೇ ಆಗುವುದಿಲ್ಲ. ಅದನ್ನು ತೆಗೆದು ಹೊಸ ಮಸೂರ ಕೂರಿಸಿದಾಗ ಇಷ್ಟು ವರ್ಷ ಹೊರಗೆ ನಿಂತಿದ್ದ ನೀಲಿ ಒಮ್ಮೆಲೇ ಒಳಗೆ ಬರುತ್ತದೆ. ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ತಲೆಯಾಡಿಸಿದರು. ಆದರೆ ಮುಖ ಸಪ್ಪಗಾಗಿತ್ತು. ಯಾಕೆಂದರೆ ಅಪ್ಪ 34 ವರ್ಷ ಬಣ್ಣ ನೋಡಿಯೇ ಬದುಕಿದವರು. ಪೇಟೆ ಬೀದಿಯಲ್ಲಿ ನಮ್ಮದೊಂದು ಪುಟ್ಟ ಮ್ಯಾಚಿಂಗ್ ಸೆಂಟರ್. ಸೀರೆ ಹಿಡಿದು ಬಂದವರಿಗೆ ಹೊಂದುವ ರವಿಕೆ ಬಟ್ಟೆ, ಲೈನಿಂಗ್, ಫಾಲ್ ಕೊಡುವ ಅಂಗಡಿ. ಗೋಡೆ ತುಂಬ ಟೂ ಬೈ ಟೂ ಬಟ್ಟೆಯ ಥಾನುಗಳು. ಗಿಳಿ ಹಸಿರು, ಮಾವಿನ ಚಿಗುರು, ಬದನೆಕಾಯಿ, ಈರುಳ್ಳಿ ಸಿಪ್ಪೆ, ರಾಮಾ ಗ್ರೀನ್, ಎಂ.ಎಸ್. ಬ್ಲೂ. ಟ್ಯೂಬ್‌ಲೈಟ್ ಕೆಳಗೆ ಯಾರಾದರೂ ಬಣ್ಣ ಹೊಂದಿಸಲು ಹೊರಟರೆ ಅಪ್ಪ ಬಿಡುತ್ತಿರಲಿಲ್ಲ. "ಬಿಸಿಲಿಗೆ ಬನ್ನಿ" ಅಂತ ಸೀರೆಯ ಸೆರಗನ್ನೂ ಥಾನಿನ ತುದಿಯನ್ನೂ ಅಂಗಡಿಯ ಮೆಟ್ಟಿಲಿಗೆ ತರುತ್ತಿದ್ದರು. ಒಳಗೆ ಒಂದೇ ಅನ್ನಿಸಿದ ಎರಡು ಬಣ್ಣ ಹೊರಗೆ ಬೇರೆ ಬೇರೆಯಾಗಿ ಕಾಣುವುದನ್ನು ನಾನು ಅಲ್ಲೇ ಕಲಿತೆ. ಕಣ್ಣನ್ನು ಹೇಗೆ ಪರೀಕ್ಷೆ ಮಾಡಬೇಕು ಅನ್ನುವುದಕ್ಕೆ ನನಗೆ ಸಿಕ್ಕಿದ ಮೊದಲ ಪಾಠ ಅದು.

ಅವರ ಮುಖ ಸಪ್ಪಗಾಗಲು ಕಾರಣ ಒಂದು ಹಳೇ ಜಗಳ. ಎರಡು ವರ್ಷದ ಹಿಂದೆ, ದಸರಾ ವ್ಯಾಪಾರದ ಸಮಯ. ಒಬ್ಬರು ಹೆಂಗಸು ನೇವಿ ಬ್ಲೂ ಸೀರೆ ತಂದಿದ್ದರು. ಅಪ್ಪ ಬಟ್ಟೆ ಕತ್ತರಿಸಿ ಕೊಟ್ಟರು. ಮಾರನೇ ದಿನ ಅವರು ವಾಪಸ್ ಬಂದರು. "ಇದು ನೇವಿ ಅಲ್ಲ, ಕಪ್ಪು" ಅಂದರು. ಅಪ್ಪ ಎಂದಿನ ಹಾಗೆ ಎರಡನ್ನೂ ಮೆಟ್ಟಿಲಿಗೆ ತಂದು ಬಿಸಿಲಲ್ಲಿ ಹಿಡಿದರು. ಅವರ ಕಣ್ಣಿಗೆ ಎರಡೂ ಒಂದೇ. ಆಕೆ ತನ್ನ ಮಾತು ಬಿಡಲಿಲ್ಲ. ಅಪ್ಪನೂ ಬಿಡಲಿಲ್ಲ. "ಕಣ್ಣಾರೆ ನೋಡ್ತಿದ್ದೀನಲ್ಲಮ್ಮ, ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ" ಅಂತ ದನಿ ಏರಿಸಿದರು. ಆಕೆ ಬಟ್ಟೆಯನ್ನು ಗಲ್ಲಾ ಮೇಜಿನ ಮೇಲೆ ಇಟ್ಟು ಹೋದವರು ಮತ್ತೆ ಬರಲಿಲ್ಲ. ಪಂಚೆಯ ಮುಂದೆ ನಿಂತಿದ್ದ ಅಪ್ಪ ಹೇಳಿದ್ದು ಇಷ್ಟೇ: "ಅವತ್ತು ಆಯಮ್ಮ ಹೇಳಿದ್ದೇ ಸರಿ ಇತ್ತು ಅನ್ಸುತ್ತೆ."

ಬಿಸಿಲಿಗೆ ತಂದು ನೋಡಿದರೂ ತಪ್ಪಾಯಿತು. ಇದು ನನ್ನನ್ನು ಬಹಳ ದಿನ ಕಾಡಿತು. ಬೆಳಕು ಸರಿಯಿತ್ತು, ಬಟ್ಟೆ ಎದುರಿಗೇ ಇತ್ತು, ನೋಡಿದವರಿಗೆ ಅನುಭವವಿತ್ತು. ಇದಕ್ಕಿಂತ ಜಾಸ್ತಿ ಇನ್ನೇನು ಬೇಕು?

ಎರಡು ಕೈ, ಒಂದು ಬೋಗುಣಿ ನೀರು

ನಮಗೆ ತಿಳಿದಿರುವುದೆಲ್ಲ ಎಲ್ಲಿಂದ ಬಂತು ಅನ್ನುವ ಪ್ರಶ್ನೆಗೆ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಕೊಟ್ಟ ಉತ್ತರ ಒಂದೇ ಮಾತು: ಅನುಭವ. 1689ರ ಕೊನೆಗೆ ಅಚ್ಚಾಗಿ ಬಂದ ಅವನ ದೊಡ್ಡ ಪ್ರಬಂಧದಲ್ಲಿ ಈ ಮಾತು ಬರುತ್ತದೆ. ಎಲ್ಲರೂ ಲಾಕ್ ಅಂದ ತಕ್ಷಣ ಹುಟ್ಟುವಾಗ ಮನಸ್ಸು ಖಾಲಿ ಹಲಗೆ ಅನ್ನುತ್ತಾರೆ. ಅಲ್ಲಿ ಅವನು ಬಳಸಿದ ಮಾತು ಬಿಳಿ ಕಾಗದ. ಅದನ್ನೂ ಹೀಗೇ ಇದೆ ಅಂತ ಸಾರಲಿಲ್ಲ, 'ಹಾಗೆ ಅಂದುಕೊಳ್ಳೋಣ' ಅಂತ ಶುರು ಮಾಡಿದ. ಆ ಕಾಗದದ ಮೇಲೆ ಬರೆಯುವ ಕೈಗಳು ಎರಡು. ಒಂದು, ಹೊರಗಿನದನ್ನು ತರುವ ಇಂದ್ರಿಯಗಳು. ಇನ್ನೊಂದು, ಮನಸ್ಸು ತನ್ನ ಕೆಲಸವನ್ನು ತಾನೇ ಗಮನಿಸಿ ತಿಳಿಯುವುದು. ಅನಾನಸು ತಿನ್ನದ ಮಗುವಿಗೆ ಅನಾನಸಿನ ರುಚಿ ಗೊತ್ತಿರಲು ಸಾಧ್ಯವೇ ಇಲ್ಲ ಅನ್ನುವುದು ಅವನದೇ ಉದಾಹರಣೆ.

ಆದರೆ ಇಂದ್ರಿಯವನ್ನು ಇಷ್ಟು ನಂಬಿದವನು ಅದೇ ಪುಸ್ತಕದಲ್ಲಿ ಒಂದು ಬೋಗುಣಿ ನೀರನ್ನೂ ಇಡುತ್ತಾನೆ. ಅದೇ ನೀರು ಅದೇ ಗಳಿಗೆಯಲ್ಲಿ ಒಂದು ಕೈಗೆ ತಣ್ಣಗೆ, ಇನ್ನೊಂದು ಕೈಗೆ ಬೆಚ್ಚಗೆ ಅನ್ನಿಸಬಹುದು. ಮಗುವಿಗೆ ಸ್ನಾನ ಮಾಡಿಸುವ ಮುಂಚೆ ಒಂದು ಕೈ ತಣ್ಣೀರಲ್ಲೂ ಇನ್ನೊಂದು ಬಿಸಿನೀರಲ್ಲೂ ಆಡಿಸಿ, ಆಮೇಲೆ ಎರಡನ್ನೂ ಹದ ಮಾಡಿದ ನೀರಿಗೆ ಇಟ್ಟವರಿಗೆಲ್ಲ ಇದು ಗೊತ್ತು. ಹಾಗಾದರೆ ನೀರು ಹೇಗಿದೆ? ಲಾಕ್ ಹೇಳುವ ಪ್ರಕಾರ ಆಕಾರ, ಗಾತ್ರ, ಚಲನೆ ವಸ್ತುವಿನಲ್ಲೇ ಇರುತ್ತವೆ. ಬಿಸಿ, ಬಣ್ಣ, ರುಚಿಗಳು ಹಾಗಲ್ಲ. ನಮ್ಮಲ್ಲಿ ಅಂಥ ಅನಿಸಿಕೆ ಹುಟ್ಟಿಸುವ ಶಕ್ತಿ ಮಾತ್ರ ವಸ್ತುವಿನಲ್ಲಿದೆ. ಅಪ್ಪನ ಪಂಚೆಯ ಪ್ರಶ್ನೆಗೆ ಇದು ನೇರ ಉತ್ತರ. ನೀಲಿ ಬಿಳಿಯೂ ಪಂಚೆಯಲ್ಲಿಲ್ಲ, ಮಾಸಲು ಹಳದಿಯೂ ಪಂಚೆಯಲ್ಲಿಲ್ಲ.

ಇದನ್ನು ಅಪ್ಪನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬಣ್ಣ ಬಟ್ಟೇಲೇ ಇಲ್ಲ ಅಂದ್ರೆ ನಾನು ಇಷ್ಟು ವರ್ಷ ಮಾರಿದ್ದೇನು?" ಅಂದರು. ನಿಜವಾದ ನೋವಿನಿಂದ ಕೇಳಿದ ಪ್ರಶ್ನೆ ಅದು. ನನಗೆ ಉತ್ತರ ಸಿಕ್ಕಿದ್ದು ಕೆಲವು ದಿನದ ಮೇಲೆ, ಅದೂ ಲಾಕ್‌ನ ಪುಸ್ತಕದ ನಾಲ್ಕನೇ ಭಾಗದ ಮೊದಲ ಪುಟದಲ್ಲಿ. ಜ್ಞಾನ ಅಂದರೇನು ಅಂತ ಅವನು ಅಲ್ಲಿ ಹೇಳುತ್ತಾನೆ. ಮನಸ್ಸಿನಲ್ಲಿರುವ ಎರಡು ಕಲ್ಪನೆಗಳು ಒಂದಕ್ಕೊಂದು ಹೊಂದುತ್ತವೋ ಇಲ್ಲವೋ ಅನ್ನುವುದನ್ನು ಕಾಣುವುದೇ ಜ್ಞಾನ, ಅಷ್ಟೇ. ಅದನ್ನು ಓದಿ ನನಗೆ ಮೈ ಜುಮ್ಮೆಂದಿತು. ಅಪ್ಪ ಮಾರಿದ್ದು ಬಣ್ಣವನ್ನಲ್ಲ, ಹೊಂದಿಕೆಯನ್ನು. ಅಂಗಡಿಯ ಬೋರ್ಡಿನ ಮೇಲೆ ಅದೇ ಬರೆದಿತ್ತಲ್ವಾ? ಈ ಸೆರಗು, ಈ ಥಾನು, ಒಂದೇ ಬಿಸಿಲಲ್ಲಿ ಪಕ್ಕಪಕ್ಕ. ಹೊಂದುತ್ತೆ, ಹೊಂದಲ್ಲ. ಅದಕ್ಕೆ ಬಣ್ಣ ಎಲ್ಲಿ ಕೂತಿದೆ ಅಂತ ತಿಳಿಯಬೇಕಾಗಿಲ್ಲ.

ಆದರೂ ನೇವಿ ಸೀರೆಯ ಜಗಳ ಇದರಿಂದ ಬಗೆಹರಿಯುವುದಿಲ್ಲ. ಅಪ್ಪನ ಕಣ್ಣಿಗೆ ಹೊಂದಿದ್ದು ಆಕೆಯ ಕಣ್ಣಿಗೆ ಹೊಂದಲಿಲ್ಲ. ಯಾರ ಕಣ್ಣಿಗೆ ಹೊಂದಬೇಕು?

ಡಬ್ಲಿನ್‌ನಿಂದ ಬಂದ ಪ್ರಶ್ನೆ

ಲಾಕ್‌ಗೆ ಡಬ್ಲಿನ್‌ನಲ್ಲಿ ಒಬ್ಬ ಪತ್ರಮಿತ್ರನಿದ್ದ. ವಿಲಿಯಂ ಮಾಲಿನೊ ಅಂತ. ಮಸೂರ, ದೂರದರ್ಶಕಗಳ ಬಗ್ಗೆ ಪುಸ್ತಕ ಬರೆದವನು. ಅವನ ಹೆಂಡತಿ ಲೂಸಿ ಮದುವೆಯಾದ ಕೆಲವೇ ತಿಂಗಳಲ್ಲಿ ಕಾಯಿಲೆ ಬಿದ್ದು ದೃಷ್ಟಿ ಕಳೆದುಕೊಂಡಳು. ಅವಳು ತೀರಿಕೊಂಡದ್ದು 1691ರಲ್ಲಿ. ಅಷ್ಟೂ ವರ್ಷ ಅವನು ಬೆಳಕಿನ ನಿಯಮಗಳನ್ನು ಓದುತ್ತಾ ಬೆಳಕಿಲ್ಲದ ಹೆಂಡತಿಯ ಜೊತೆ ಬಾಳಿದ. ಅವನು ಕೇಳಿದ ಪ್ರಶ್ನೆಯನ್ನು ತತ್ವಶಾಸ್ತ್ರದ ಪುಸ್ತಕಗಳು ಒಗಟಿನ ಹಾಗೆ ಹೇಳಿ ಮುಂದೆ ಹೋಗುತ್ತವೆ. ನನಗೆ ಮಾತ್ರ ಅದನ್ನು ಓದುವಾಗ ಆ ಮನೆಯ ನೆನಪೇ ಬರುತ್ತದೆ.

ಪ್ರಶ್ನೆ ಇದು. ಹುಟ್ಟು ಕುರುಡನೊಬ್ಬ ಮುಟ್ಟಿ ಮುಟ್ಟಿ ಗೋಳ ಯಾವುದು, ಘನ ಯಾವುದು ಅಂತ ಕಲಿತಿದ್ದಾನೆ. ಎರಡೂ ಒಂದೇ ಲೋಹದವು, ಹೆಚ್ಚುಕಡಿಮೆ ಒಂದೇ ಗಾತ್ರದವು. ಒಂದು ದಿನ ಅವನಿಗೆ ದೃಷ್ಟಿ ಬರುತ್ತದೆ. ಎರಡನ್ನೂ ಮೇಜಿನ ಮೇಲಿಟ್ಟರೆ, ಮುಟ್ಟದೆ, ಬರೀ ನೋಡಿ ಯಾವುದು ಯಾವುದೆಂದು ಹೇಳಬಲ್ಲನೇ? 1688ರಲ್ಲಿ ಒಮ್ಮೆ ಕಳಿಸಿದಾಗ ಉತ್ತರ ಬರಲಿಲ್ಲ. 1693ರಲ್ಲಿ ಮತ್ತೆ ಬರೆದ. 1694ರ ಎರಡನೇ ಮುದ್ರಣದಲ್ಲಿ ಲಾಕ್ ಅದನ್ನು ಸೇರಿಸಿ, ಹೇಳಲಾರ ಅಂತ ಬರೆದ. ಮಾಲಿನೊನ ಅಭಿಪ್ರಾಯವೂ ಅದೇ. ಬೆರಳಿಗೆ ಚುಚ್ಚುವ ಮೂಲೆ ಕಣ್ಣಿಗೆ ಹೇಗೆ ಕಾಣುತ್ತದೆ ಅನ್ನುವುದನ್ನು ಅವನಿನ್ನೂ ಅನುಭವದಿಂದ ಕಲಿತಿಲ್ಲ. ಇಬ್ಬರೂ ಮುಖಾಮುಖಿ ಭೇಟಿಯಾದದ್ದು 1698ರಲ್ಲಿ. ಮಾಲಿನೊ ಇಂಗ್ಲೆಂಡಿಗೆ ಬಂದು ಲಾಕ್ ಜೊತೆ ಕೆಲವು ದಿನ ಕಳೆದು ಊರಿಗೆ ಮರಳಿದ. ಆ ಅಕ್ಟೋಬರ್‌ನಲ್ಲೇ ತೀರಿಕೊಂಡ.

ಮೂವತ್ತು ವರ್ಷದ ಮೇಲೆ, 1728ರಲ್ಲಿ, ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಚೆಸೆಲ್ಡನ್ ಒಂದು ವರದಿ ಬರೆದ. ಹದಿಮೂರೋ ಹದಿನಾಲ್ಕೋ ವರ್ಷದ ಹುಡುಗ. ತೀರಾ ಎಳೆತನದಲ್ಲೇ ದೃಷ್ಟಿ ಹೋಗಿತ್ತು. ಪೊರೆ ಸರಿಸಿದ ಮೇಲೆ ಮೊದಲು ಅವನಿಗೆ ಎಲ್ಲ ವಸ್ತುಗಳೂ ಕಣ್ಣಿಗೇ ತಾಗಿದ ಹಾಗೆ ಅನ್ನಿಸಿತಂತೆ. ಯಾವುದು ಹತ್ತಿರ, ಯಾವುದು ದೂರ ಗೊತ್ತಾಗಲಿಲ್ಲ. ಮನೆಯಲ್ಲಿ ಒಂದು ಬೆಕ್ಕು, ಒಂದು ನಾಯಿ. ಯಾವುದು ಯಾವುದು ಅಂತ ಪದೇ ಪದೇ ಮರೆಯುತ್ತಿದ್ದ, ಕೇಳಲು ನಾಚಿಕೆ. ಒಂದು ದಿನ ಬೆಕ್ಕನ್ನು ಹಿಡಿದ. ಮುಟ್ಟಿದರೆ ಬೆಕ್ಕೆಂದು ಅವನಿಗೆ ಗೊತ್ತು. ಹಿಡಿದುಕೊಂಡೇ ಅದನ್ನು ದಿಟ್ಟಿಸಿ ನೋಡಿದ. ಕೆಳಗೆ ಬಿಟ್ಟು, ಇನ್ನೊಂದು ಸಲ ನಿನ್ನನ್ನು ಗುರುತು ಹಿಡಿಯುತ್ತೇನೆ ಅಂತ ಬೆಕ್ಕಿಗೇ ಹೇಳಿದ. ಚಿತ್ರಗಳ ವಿಷಯದಲ್ಲೂ ಹೀಗೇ ಆಯಿತು. ಸುಮಾರು ಎರಡು ತಿಂಗಳ ಮೇಲೆ ಅವನಿಗೆ ಅವು ಉಬ್ಬುತಗ್ಗಿನ ವಸ್ತುಗಳ ಚಿತ್ರ ಅಂತ ಹೊಳೆಯಿತು. ಮುಟ್ಟಿ ನೋಡಿದ, ಚಪ್ಪಟೆ. ಸುಳ್ಳು ಹೇಳುತ್ತಿರುವುದು ಕೈಯೋ ಕಣ್ಣೋ ಅಂತ ಕೇಳಿದ. ಈ ಮಾತು ಓದಿದಾಗಲೆಲ್ಲ ಹಿತ್ತಲಲ್ಲಿ ಅಂಗೈ ಅಡ್ಡ ಹಿಡಿದು ನಿಂತ ಅಪ್ಪ ಕಣ್ಣಮುಂದೆ ಬರುತ್ತಾರೆ.

ಮಾಲಿನೊನ ಪ್ರಶ್ನೆಗೆ ಅಳತೆ ಮಾಡಿದ ಉತ್ತರ ಸಿಕ್ಕಿದ್ದು ನಮ್ಮ ದೇಶದಲ್ಲೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪವನ್ ಸಿನ್ಹಾ ಅವರ 'ಪ್ರಾಜೆಕ್ಟ್ ಪ್ರಕಾಶ್' ಹುಟ್ಟಿನಿಂದ ಕಾಣದ, ಆದರೆ ಆಪರೇಷನ್‌ನಿಂದ ಕಾಣುವಂತಾಗಬಲ್ಲ ಮಕ್ಕಳನ್ನು ಉತ್ತರ ಭಾರತದ ಹಳ್ಳಿಗಳಲ್ಲಿ ಹುಡುಕಿ ದೆಹಲಿಯಲ್ಲಿ ಚಿಕಿತ್ಸೆ ಕೊಡಿಸುತ್ತದೆ. ಅಂಥ ಐದು ಮಕ್ಕಳ ಪರೀಕ್ಷೆಯ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ವಯಸ್ಸು 8ರಿಂದ 17. ಆಪರೇಷನ್ ಆಗಿ 48 ಗಂಟೆಯೊಳಗೆ, ಮಕ್ಕಳಾಟದ ಬ್ಲಾಕುಗಳಂಥ ಆಕಾರಗಳನ್ನು ಕೊಟ್ಟು ನೋಡಿದರು. ಮುಟ್ಟಿದ್ದನ್ನು ಮುಟ್ಟಿಯೇ ಗುರುತಿಸುವುದರಲ್ಲಿ ನೂರಕ್ಕೆ 98 ಸರಿ. ನೋಡಿದ್ದನ್ನು ನೋಡಿಯೇ ಗುರುತಿಸುವುದರಲ್ಲಿ 92. ಆದರೆ ಮುಟ್ಟಿದ್ದನ್ನು ನೋಡಿ ಗುರುತಿಸಲು ಹೇಳಿದಾಗ 58. ಎರಡರಲ್ಲಿ ಒಂದನ್ನು ಸುಮ್ನೆ ತೋರಿಸಿದ್ದರೂ 50 ಬರುತ್ತಿತ್ತು. ಅಂದರೆ ಕಣ್ಣು ಕೆಲಸ ಮಾಡುತ್ತಿದೆ, ಕೈಯೂ ಮಾಡುತ್ತಿದೆ, ಒಂದರ ಮಾತು ಇನ್ನೊಂದಕ್ಕೆ ತಿಳಿಯುತ್ತಿಲ್ಲ. ಲಾಕ್ ಹೇಳಿದ್ದು ಸರಿಯಾಯಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಮುಂದಿನ ಮಾತು. ಅವರಲ್ಲಿ ಕೆಲವರನ್ನು ಮತ್ತೆ ಪರೀಕ್ಷಿಸಿದಾಗ ಚೆನ್ನಾಗಿ ಸುಧಾರಿಸಿದ್ದರು. ಒಂದು ಮಗುವಿಗೆ ಐದೇ ದಿನ ಸಾಕಾಗಿತ್ತು. ಯಾರೂ ಕೂರಿಸಿ ಪಾಠ ಹೇಳಿರಲಿಲ್ಲ. ಲೋಟ ಎತ್ತಿಕೊಂಡಿದ್ದು, ಬಾಗಿಲು ತಳ್ಳಿದ್ದು, ಅಮ್ಮನ ಮುಖ ಮುಟ್ಟಿ ನೋಡಿದ್ದು, ಅಷ್ಟೇ ಇದ್ದಿರಬೇಕು.

ಅಷ್ಟು ಬೇಗ ಕಲಿತರು ಅನ್ನುವುದು ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸ್‌ನ ವಾದಕ್ಕೂ ಸ್ವಲ್ಪ ಬಲ ಕೊಡುತ್ತದೆ ಅಂತ ನನಗನಿಸುತ್ತದೆ. ಅವನು ಮನಸ್ಸನ್ನು ಬಿಳಿ ಕಾಗದ ಅನ್ನಲು ಒಪ್ಪಲಿಲ್ಲ. ಒಳಗೇ ಗೆರೆಗಳಿರುವ ಅಮೃತಶಿಲೆ ಅಂದ. ಶಿಲ್ಪಿಯ ಉಳಿ ಬೇಕು, ಆದರೆ ಕಲ್ಲು ಯಾವ ಕಡೆಗೆ ಒಡೆಯುತ್ತದೆ ಅನ್ನುವುದು ಆಗಲೇ ಕಲ್ಲಿನಲ್ಲಿದೆ. ಹುಟ್ಟಿ ಒಂದು ಗಂಟೆಯೂ ಆಗದ ಶಿಶುಗಳು ಮುಖದಂಥ ಆಕಾರವನ್ನು ಬೇರೆ ಆಕಾರಗಳಿಗಿಂತ ಹೆಚ್ಚು ದೂರ ಕಣ್ಣಲ್ಲೇ ಹಿಂಬಾಲಿಸುತ್ತವೆ. ಕಾಗದ ಪೂರ್ತಿ ಖಾಲಿ ಇರಲಿಲ್ಲ, ನಿಜ. ಆದರೆ ಆ ಹುಡುಗನಿಗೆ ಬೆಕ್ಕನ್ನು ಗುರುತು ಹಿಡಿಯಲು ಬೆಕ್ಕೇ ಬೇಕಾಯಿತು.

ನಡುವೆ ಇಲ್ಲದ ನೀಲಿ

ಇಲ್ಲಿ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಬಗ್ಗೆ ಒಂದು ಸಣ್ಣ ಮಾತು ಹೇಳದೆ ಮುಂದೆ ಹೋಗಲಾರೆ, ಯಾಕೆಂದರೆ ಅದು ನೀಲಿಯ ವಿಷಯ. ಕಂಡದ್ದರ, ಕೇಳಿದ್ದರ, ಮುಟ್ಟಿದ್ದರ ಪ್ರತಿಗಳೇ ನಮ್ಮ ಸರಳ ಕಲ್ಪನೆಗಳು ಅಂತ ಹೇಳಿದ ಹ್ಯೂಮ್, ಅದಕ್ಕೆ ಎದುರಾಗುವ ಉದಾಹರಣೆಯನ್ನು ತಾನೇ ಕೊಟ್ಟ. ಒಬ್ಬ ಎಲ್ಲ ಬಗೆಯ ನೀಲಿಗಳನ್ನೂ ನೋಡಿದ್ದಾನೆ, ಒಂದನ್ನು ಬಿಟ್ಟು. ಕಡುನೀಲಿಯಿಂದ ತಿಳಿನೀಲಿವರೆಗೆ ಸಾಲಾಗಿ ಇಟ್ಟರೆ ನಡುವಿನ ಖಾಲಿ ಜಾಗ ಅವನಿಗೆ ಕಾಣುತ್ತದೆ. ಎಂದೂ ನೋಡದ ಆ ನೀಲಿಯನ್ನು ಅವನು ಮನಸ್ಸಿನಲ್ಲಿ ತಂದುಕೊಳ್ಳಬಲ್ಲ ಅಂತ ಹ್ಯೂಮ್ ಒಪ್ಪಿದ. ಇಷ್ಟು ಸಣ್ಣ ವಿಷಯಕ್ಕೆ ತನ್ನ ನಿಯಮ ಬದಲಿಸಬೇಕಿಲ್ಲ ಅಂತ ಅಲ್ಲಿಗೇ ಬಿಟ್ಟ. ನಾನು ಅದನ್ನು ಸಣ್ಣ ವಿಷಯ ಅನ್ನಲಾರೆ. ಅಂಗಡಿಗೆ ಬರುವ ಏಜೆಂಟಿಗೆ ಅಪ್ಪ ಎರಡು ಥಾನುಗಳ ನಡುವೆ ಬೆರಳಿಟ್ಟು, "ಇದಕ್ಕೂ ಇದಕ್ಕೂ ಮಧ್ಯೆ ಒಂದು ಬರಬೇಕು, ತಂದಿಲ್ಲ ನೀವು" ಅನ್ನುತ್ತಿದ್ದರು. ಮುಂದಿನ ಸಲ ಅದು ಬಂದಾಗ, ಹಳೇ ಪರಿಚಯದವರ ಹಾಗೆ ಅದನ್ನು ಅದರ ಜಾಗದಲ್ಲಿ ಇಡುತ್ತಿದ್ದರು. ಅನುಭವ ತುಂಬಾ ಆದಾಗ ಅದು ತಾನು ಕಾಣದ್ದರ ಕಡೆಗೂ ಕೈ ಚಾಚುತ್ತದೆ.

ಆನೆ ನಡೆಯುವ ನೀರು

ಲಾಕ್ ಹೇಳುವ ಒಂದು ಕಥೆ ಇದೆ. ಡಚ್ ರಾಯಭಾರಿಯೊಬ್ಬ ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ರಾಜನಿಗೆ ತನ್ನ ದೇಶದ ಸಂಗತಿಗಳನ್ನು ಹೇಳುತ್ತಿದ್ದ. ನಮ್ಮಲ್ಲಿ ಚಳಿಗಾಲದಲ್ಲಿ ನೀರು ಎಷ್ಟು ಗಟ್ಟಿಯಾಗುತ್ತದೆ ಅಂದರೆ ಜನ ಅದರ ಮೇಲೆ ನಡೆಯುತ್ತಾರೆ, ಆನೆ ಬಂದರೂ ತಡೆಯುತ್ತದೆ ಅಂದ. ಇಷ್ಟು ಹೊತ್ತು ನಿನ್ನನ್ನು ಸಭ್ಯಸ್ಥ ಅಂತ ನಂಬಿದ್ದೆ, ಈಗ ನೀನು ಸುಳ್ಳು ಹೇಳುತ್ತಿದ್ದೀಯ ಅಂತ ಖಾತ್ರಿಯಾಯಿತು ಅಂದ ರಾಜ. ಹ್ಯೂಮ್ 1748ರಲ್ಲಿ ಇಂಥದ್ದೇ ಮಾತಿಗೆ ಒಬ್ಬ ಭಾರತದ ರಾಜನನ್ನು ತರುತ್ತಾನೆ. ಹಿಮಗಡ್ಡೆಯ ಸುದ್ದಿ ನಂಬದ ಆ ರಾಜನ ತರ್ಕ ಸರಿಯಾಗಿಯೇ ಇತ್ತು ಅನ್ನುತ್ತಾನೆ. ಕಂಡದ್ದಕ್ಕೆ ಹೊಂದದ ಸುದ್ದಿಯನ್ನು ನಂಬಲು ಬಹಳ ಗಟ್ಟಿ ಸಾಕ್ಷಿ ಬೇಕು.

ಆ ರಾಜನ ಮೇಲೆ ನನಗೆ ಕನಿಕರ. ಅವನು ತನ್ನ ಅನುಭವಕ್ಕೆ ನಿಯತ್ತಾಗಿದ್ದ. ಹೆಪ್ಪುಗಟ್ಟಿದ ಕೆರೆಯನ್ನು ನಾನೂ ನೋಡಿಲ್ಲ. ಆದರೂ ಅದು ಇದೆ ಅಂತ ಗೊತ್ತು. ಭೂಮಿ ದುಂಡಗಿದೆ ಅಂತ, ನಾನು ಹುಟ್ಟಿದ ದಿನ ಯಾವುದು ಅಂತ, ಎಲ್ಲ ಯಾರೋ ಹೇಳಿ ತಿಳಿದದ್ದು. ಲೆಕ್ಕ ಹಾಕಿದರೆ ಕಣ್ಣಾರೆ ಕಂಡು ತಿಳಿದದ್ದು ಬಹಳ ಕಡಿಮೆ. ನಮ್ಮ ಕಡೆಯ ಚಿಂತಕರು ಇದನ್ನು ಮೊದಲೇ ಗಮನಿಸಿದ್ದರು. ಚಾರ್ವಾಕರು ಪ್ರತ್ಯಕ್ಷ, ಅಂದರೆ ಇಂದ್ರಿಯಗಳಿಂದ ನೇರ ತಿಳಿದದ್ದು, ಒಂದೇ ಸಾಕು ಅಂದರು. ನ್ಯಾಯ ದರ್ಶನದವರು ಪ್ರತ್ಯಕ್ಷ, ಕುರುಹು ನೋಡಿ ತರ್ಕಿಸುವ ಅನುಮಾನ, ಹೋಲಿಸಿ ತಿಳಿಯುವ ಉಪಮಾನ, ಶಬ್ದ ಅಂತ ನಾಲ್ಕು ದಾರಿ ಹೇಳಿದರು. ಶಬ್ದ ಅಂದರೆ ಆಪ್ತನ ಮಾತು. ಅಲ್ಲಿ ಆಪ್ತ ಅಂದರೆ ವಿಷಯ ಬಲ್ಲವನು, ಬಲ್ಲದ್ದನ್ನು ಇದ್ದ ಹಾಗೆ ಹೇಳುವವನು. ಕನ್ನಡದಲ್ಲಿ ಅದೇ ಮಾತು ಹತ್ತಿರದವರು ಅಂತಾಯಿತು. ಎರಡೂ ಅರ್ಥ ಒಂದೇ ಕಡೆ ಸೇರಿದ್ದು ನನಗೆ ಗೊತ್ತಾದದ್ದು ಅಪ್ಪನ ಅಂಗಡಿಯಲ್ಲಿ.

ಎಡಗಣ್ಣಿನ ಆಪರೇಷನ್ ಕೂಡ ಮುಗಿದ ಮೇಲೆ ಅಪ್ಪನನ್ನು ಅಂಗಡಿಗೆ ಕರೆದುಕೊಂಡು ಹೋದೆ. ಹೊಸ ಕಣ್ಣಿಂದ ಥಾನುಗಳನ್ನು ನೋಡುತ್ತಾ ನಿಂತರು. ಒಂದನ್ನು ಎಳೆದರು. ಅದರ ಒಳಸುತ್ತಿನ ರಟ್ಟಿನ ಅಂಚಿನಲ್ಲಿ ಬಾಲ್‌ಪೆನ್ನಿನಿಂದ ಸಣ್ಣಗೆ 'ನೇವಿ' ಅಂತ ಬರೆದಿತ್ತು. ಪಕ್ಕದ್ದನ್ನು ಎಳೆದರು. 'ಕಪ್ಪು'. ಇನ್ನೊಂದರಲ್ಲಿ 'ಕಾಫಿ', ಇನ್ನೊಂದರಲ್ಲಿ 'ಮೆರೂನ್'. ಗಾಢ ಬಣ್ಣದ ಸಾಲಿನಲ್ಲಿ ಒಂದೂ ಬಿಡದೆ ಬರೆದಿತ್ತು. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನನ್ನು ಕರೆದು ಕೇಳಿದರು. ಅವನು ತಲೆ ತಗ್ಗಿಸಿಕೊಂಡು, ಆ ದಸರಾ ಜಗಳ ಆದ ವಾರವೇ ಬರೆದೆ ಅಂದ. ಅಪ್ಪ ನೇವಿ ಕೊಡು ಅಂದಾಗ ಅಂಚು ನೋಡಿ ತೆಗೆದುಕೊಡುತ್ತಿದ್ದನಂತೆ. ಅಪ್ಪ ತಾವೇ ತೆಗೆಯಲು ಹೋದರೆ, "ನಾನು ತೆಗೀತೀನಿ ಬಿಡಿ" ಅಂತ ಮುಂದೆ ಬರುತ್ತಿದ್ದನಂತೆ. ಎರಡು ವರ್ಷ ಅಪ್ಪ ಕಣ್ಣಾರೆ ಕಂಡು ಕೊಟ್ಟೆ ಅಂದುಕೊಂಡಿದ್ದ ಎಷ್ಟೋ ಗಾಢ ಬಣ್ಣಗಳು ಆ ಹುಡುಗನ ಅಕ್ಷರದ ಮೇಲೆ ನಿಂತಿದ್ದವು. ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಅವನು ಹೇಳಿರಲಿಲ್ಲ.

ಅಪ್ಪ ಅವನಿಗೆ ಏನೂ ಅನ್ನಲಿಲ್ಲ. ಭುಜದ ಮೇಲೆ ಕೈ ಇಟ್ಟರು. ಆಮೇಲೆ ಸಾಲಿನ ಒಂದೊಂದೇ ಥಾನನ್ನು ಹೊರಗೆ ತರಲು ಹೇಳಿದರು. ಹುಡುಗ ತಂದುಕೊಟ್ಟ, ಅಪ್ಪ ಮೆಟ್ಟಿಲ ಮೇಲೆ ಕೂತು ಬಿಸಿಲಿಗೆ ಹಿಡಿದು ಅಂಚಿನ ಅಕ್ಷರ ಓದಿದರು. ನೇವಿ ಸರಿ. ಕಪ್ಪು ಸರಿ. ಕಾಫಿ ಸರಿ. ಏಳನೆಯದೋ ಎಂಟನೆಯದೋ ಬಂದಾಗ ತಡೆದರು. ಅಂಚಿನಲ್ಲಿ 'ಕಪ್ಪು' ಅಂತಿತ್ತು. ಅಪ್ಪ ಬಟ್ಟೆಯನ್ನು ಒಂದು ಸುತ್ತು ಬಿಚ್ಚಿ ಓರೆ ಮಾಡಿ ಹಿಡಿದರು. "ಇದನ್ನ ಒಳಗೆ ಟ್ಯೂಬ್‌ಲೈಟಲ್ಲಿ ನೋಡಿ ಬರೆದಿದೀಯ ಅಲ್ವಾ?" ಅಂದರು. ಹುಡುಗ ಬಗ್ಗಿ ನೋಡಿದ. ನಾನೂ ನೋಡಿದೆ. ಮಡಿಕೆಯ ಉಬ್ಬಿನಲ್ಲಿ ಬಿಸಿಲು ಬಿದ್ದ ಕಡೆ ಸಣ್ಣ ಹಸಿರು ಇತ್ತು. ಅಪ್ಪ ಅವನ ಜೇಬಿನಿಂದಲೇ ಪೆನ್ನು ತೆಗೆದುಕೊಂಡು, 'ಕಪ್ಪು' ಅನ್ನುವುದರ ಮೇಲೆ ಒಂದು ಗೆರೆ ಎಳೆದು, ಕೆಳಗೆ 'ಬಾಟಲ್ ಗ್ರೀನ್' ಅಂತ ಬರೆದರು. ಓದಲು ಬರುತ್ತಾ ನೋಡು ಅಂತ ಅವನ ಕೈಗೆ ಕೊಟ್ಟು, ಮುಂದಿನದನ್ನು ತರಲು ಹೇಳಿದರು.